ಹಸಿರು ಮಸಾಲೆ ಕೊನೆಗೂ ಹಸಿರಾಗೇ ಉಳೀತು

"ಹಸಿ ಸೊಪ್ಪು ಅರೆದಿಟ್ಟರೆ ಹುಲ್ಲಿನ ವಾಸನೆ ಬರತ್ತೆ ಕಣಮ್ಮ, ಅವತ್ತಿಂದು ಅವತ್ತೇ ಅರೀಬೇಕು" ಅಂತ ನಮ್ಮತ್ತೆ ಹೇಳ್ತಾನೇ ಇದ್ದರು. ಪಲಾವ್ ಮಸಾಲೆ ಅರೆದು ಮಾರ್ತೀನಿ ಅಂದಾಗ ನಮ್ಮ ಬೀದಿಯಲ್ಲಿ ನಕ್ಕವರೇ ಹೆಚ್ಚು. ಹೋದ ವಾರ ಎರಡು ತಿಂಗಳ ಹಿಂದಿನ ಮಸಾಲೆಯಲ್ಲಿ ಪಲಾವ್ ಮಾಡಿ ಅತ್ತೆಗೇ ಬಡಿಸಿದೆ. ಮಾತಾಡದೆ ಎರಡನೇ ಸಲ ಹಾಕಿಸಿಕೊಂಡರು.

ಕೊತ್ತಂಬರಿ, ಪುದೀನ, ಹಸಿ ಬೆಳ್ಳುಳ್ಳಿ ಅಂತ ಏನೇನು ಬೀಳತ್ತೆ ಅನ್ನೋದು ನಿಮಗೆಲ್ಲ ಗೊತ್ತಿರೋದೇ. ನನಗೆ ಕೈಕೊಟ್ಟದ್ದು ಬಣ್ಣ. ಮೊದಲ ಸಲ ನೀರು ಹಾಕಿ ನುಣ್ಣಗೆ ಅರೆದೆ, ಫ್ರಿಜ್‌ನಲ್ಲಿ ಮೂರನೇ ದಿನಕ್ಕೆ ಸಗಣಿ ಬಣ್ಣ. ಯಾರೋ ನಿಂಬೆರಸ ಹಿಂಡು ಅಂದರು. ಹುಳಿ ಬಿದ್ದರೆ ಸೊಪ್ಪಿನ ಹಸಿರು ಇನ್ನೂ ಬೇಗ ಕೆಡತ್ತೆ ಅಂತ ಎರಡು ಕೆಜಿ ಚೆಲ್ಲಿದ ಮೇಲೆ ಗೊತ್ತಾಯ್ತು. ಕಾಯಿತುರಿ ಹಾಕಿದ್ದು ಹಳಸಿತು. ಚಿಟಿಕೆ ಅಡುಗೆ ಸೋಡಾ ಹಾಕಿದಾಗ ಗಿಳಿಹಸಿರು ಬಂತು, ನಾಲಿಗೆಗಿಟ್ಟರೆ ಸೋಪು! ಅದೂ ಮಳೆಗಾಲ, ಕೊತ್ತಂಬರಿ ಕಟ್ಟಿಗೆ 40 ರೂಪಾಯಿ. ಎಲ್ಲ ಸೇರಿ ಎರಡೂವರೆ ಸಾವಿರ ಮೋರಿ ಪಾಲು.

ಕೊನೆಗೆ ಕೈಹಿಡಿದದ್ದು ಬಿಸಿನೀರು. ಕುದಿಯೋ ಉಪ್ಪುನೀರಿಗೆ ಸೊಪ್ಪನ್ನ ಕಟ್ಟುಕಟ್ಟಾಗಿ ಅದ್ದಿ, ಇಪ್ಪತ್ತು ಎಣಿಸಿ, ತಕ್ಷಣ ಐಸ್ ನೀರಿಗೆ. ಮೂವತ್ತು ದಾಟಿದರೆ ಘಮ ನೀರಲ್ಲೇ ಹೋಗತ್ತೆ. ಪಂಚೆಯಲ್ಲಿ ಸುತ್ತಿ ಹಿಂಡಬೇಕು, ಚೂರೂ ತೇವ ಇರಬಾರದು. ಮಿಕ್ಸಿ ಜಾರನ್ನೂ ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟಿರ್ತೀನಿ. ನಿಲ್ಲಿಸದೆ ತಿರುಗಿಸಿದರೆ ಜಾರ್ ಕಾದು ಮಸಾಲೆ ಕಂದತ್ತೆ, ಅದಕ್ಕೇ ಬಿಟ್ಟು ಬಿಟ್ಟು ಅರೀತೀನಿ. ನೀರಿನ ಬದಲು ಎಣ್ಣೆ, ಕೆಜಿಗೆ ಒಂದು ಹಿಡಿ ಉಪ್ಪು. ಪುದೀನ ಕೊತ್ತಂಬರಿಯ ಕಾಲುಭಾಗ ಸಾಕು, ಹೆಚ್ಚಾದರೆ ಅದೇ ಮೊದಲು ಕಪ್ಪಾಗೋದು. ಇನ್ನೊಂದು ಸೊಪ್ಪೂ ಬೀಳತ್ತೆ, ಅದನ್ನ ಮಾತ್ರ ಕೇಳಬೇಡಿ.

ಮೊದಲು ಗಾಜಿನ ಬಾಟಲಿಗೆ ಕಂಠಪೂರ್ತಿ ತುಂಬಿ ಫ್ರೀಜರ್‌ಗಿಟ್ಟು ಏಳು ಬಾಟಲಿ ಸೀಳಿಸಿಕೊಂಡೆ. ಈಗ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಡಬ್ಬಿಗೆ ಹಾಕ್ತೀನಿ. ಒಂದು ಲೋಟ ಅಕ್ಕಿಗೆ ಎರಡು ತುಂಡು. ಎಣ್ಣೆ ಇದೆಯಲ್ಲ ಅಂತ ಹೊರಗಿಡೋ ಧೈರ್ಯ ಮಾತ್ರ ಮಾಡಬೇಡಿ. ಹಸಿ ಬೆಳ್ಳುಳ್ಳಿ ಎಣ್ಣೆಯೊಳಗೆ ಗಾಳಿಯಿಲ್ಲದೆ ಕೂತರೆ ಬೊಟುಲಿಸಂ ಅನ್ನೋ ಮಾರಕ ಕಾಯಿಲೆ ತರೋ ವಿಷ ಹುಟ್ಟಬಹುದು, ವಾಸನೆಯಲ್ಲೂ ಗೊತ್ತಾಗಲ್ಲ.

ಕೆಜಿಗೆ ಸುಮಾರು 250 ರೂಪಾಯಿ ಬೀಳತ್ತೆ, ಕರೆಂಟು ಲೆಕ್ಕ ಹಾಕಿಲ್ಲ. ಹನ್ನೆರಡು ತುಂಡಿನ ಡಬ್ಬಿ 90ಕ್ಕೆ ಕೊಡ್ತೀನಿ, ಕೆಜಿಗೆ ಐದು ಡಬ್ಬಿ ಆಗತ್ತೆ. ಮೈಸೂರಿನ ದೇವರಾಜ ಮಾರುಕಟ್ಟೆಗೆ ಬೆಳಿಗ್ಗೆ ಬೇಗ ಹೋದರೆ ಬೇರು ಸಮೇತ ನಾಟಿ ಕೊತ್ತಂಬರಿ ಸಿಗತ್ತೆ. ಎಲೆ ಸಣ್ಣದು, ಘಮ ಎರಡರಷ್ಟು. ದಂಟು ಬಿಸಾಡಲ್ಲ, ಅದರಲ್ಲೇ ಇರೋದು ರುಚಿ.

ಮಧ್ಯೆ ಹಿತ್ತಲಿನ ದೊಡ್ಡಪತ್ರೆಯನ್ನೂ ಹೀಗೇ ಅದ್ದಿ ನೋಡಿದೆ. ಲೋಳೆಲೋಳೆಯಾಗಿ ಪಂಚೆಗೆ ಮೆತ್ತಿಕೊಳ್ತು. ಪಂಚೆ ನಮ್ಮ ಯಜಮಾನರದು, ಕಲೆ ಇನ್ನೂ ಹೋಗಿಲ್ಲ.