ಪರದೆ ಮಾತು ನಿಲ್ಲಿಸಿದಲ್ಲಿ ಪುಸ್ತಕ ತೆರೆದೆವು: ಬ್ಯಾಬಿಲಾನ್ 5 ಮರುವೀಕ್ಷಣೆ, ನನ್ನ ಅನುಭವ

ಬಾಹ್ಯಾಕಾಶ ನಿಲ್ದಾಣವೊಂದರ ಕಥೆ ಹೇಳುವ ಅಮೆರಿಕದ ಟಿವಿ ಸರಣಿ ಬ್ಯಾಬಿಲಾನ್ 5ನ್ನು ಅದರ ಕಾದಂಬರಿಗಳ ಜೊತೆ ಸೇರಿಸಿ ಮತ್ತೆ ನೋಡಬೇಕು ಎಂದುಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಪುಸ್ತಕವನ್ನು ಯಾವಾಗ ಓದಬೇಕು? ಕಥೆಯೊಳಗಿನ ಇಸವಿ ನೋಡಿ ಜೋಡಿಸುವುದು ಸುಲಭದ ಉತ್ತರ. ಮೊದಲ ಸೀಸನ್ 2258ರಲ್ಲಿ ನಡೆಯುತ್ತದೆ, ಐದನೆಯದು 2262ರಲ್ಲಿ, ಕೊನೆಯ ಕಂತು 2281ರಲ್ಲಿ. ಪುಸ್ತಕಗಳಿಗೂ ಇಸವಿಗಳಿವೆ, ಪಟ್ಟಿ ಮಾಡಿಬಿಡಬಹುದು. ನಾವು ಕೆಲವು ಗೆಳೆಯರು ಸೇರಿ 110 ಕಂತುಗಳನ್ನು ಮತ್ತೆ ನೋಡಲು ಹೊರಟಾಗ ಬೇಕೆಂದೇ ಆ ದಾರಿ ಬಿಟ್ಟೆವು. ಒಂದು ಪಾತ್ರ ತೆರೆಯಿಂದ ಕಣ್ಮರೆಯಾಗಿ, ಆಮೇಲೆ ಅದರ ಬಗ್ಗೆ ಯಾರೂ ತುಟಿ ಬಿಚ್ಚದೆ ಹೋದ ಜಾಗಗಳು ಈ ಸರಣಿಯಲ್ಲಿ ಸಾಕಷ್ಟಿವೆ. ಅಂಥ ಜಾಗ ಬಂದಾಗ ಸರಣಿಯನ್ನು ನಿಲ್ಲಿಸಿ ಪುಸ್ತಕ ಕೈಗೆತ್ತಿಕೊಳ್ಳುವುದು, ಓದಿ ಮುಗಿಸಿದ ಮೇಲೆ ಮುಂದಿನ ಕಂತು ನೋಡುವುದು, ಇಷ್ಟೇ ನಮ್ಮ ನಿಯಮ. ಈ ಬರಹದಲ್ಲಿ ಕಥೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ, ಮೊದಲ ಸಲ ನೋಡುವವರು ಸರಣಿ ಮುಗಿಸಿಕೊಂಡೇ ಇಲ್ಲಿಗೆ ಬರಲಿ.

ಮೊದಲು ಚಿತ್ರದ ಮಾತು. ಈ ಸರಣಿ ಎರಡು ಆಕಾರಗಳಲ್ಲಿ ಸಿಗುತ್ತದೆ. ನಟರ ದೃಶ್ಯಗಳನ್ನು ಮುಂದೆ ಅಗಲ ಪರದೆ ಬಂದೀತು ಎಂಬ ದೂರದೃಷ್ಟಿಯಿಂದ ಸೂಪರ್ 35 ವಿಧಾನದಲ್ಲಿ ಚಿತ್ರೀಕರಿಸಿದ್ದರು. ಆದರೆ ಬಾಹ್ಯಾಕಾಶದ ದೃಶ್ಯಗಳು ಕಂಪ್ಯೂಟರ್‌ನಲ್ಲಿ ತಯಾರಾದವು. ಅವನ್ನು ಆ ಕಾಲದ ಟಿವಿಯ 4:3 ಆಕಾರಕ್ಕೇ ಮಾಡಿದ್ದರು. ಹಾಗಾಗಿ ಡಿವಿಡಿಯಲ್ಲಿ ಅಗಲ ಪರದೆಗೆ ಹೊಂದಿಸುವಾಗ ಆ ದೃಶ್ಯಗಳ ಮೇಲೂ ಕೆಳಗೂ ಕತ್ತರಿ ಬಿದ್ದು, ಉಳಿದದ್ದು ಹಿಗ್ಗಿ ಮಸುಕಾಯಿತು. ನಟರೂ ಗ್ರಾಫಿಕ್ಸೂ ಒಂದೇ ಚೌಕಟ್ಟಿನಲ್ಲಿರುವ ದೃಶ್ಯ ಬಂದಾಗಲೆಲ್ಲ ಇದು ಎದ್ದು ಕಾಣುತ್ತದೆ. 2021ರಲ್ಲಿ ಬಂದ ಪರಿಷ್ಕೃತ ಆವೃತ್ತಿ ಮತ್ತೆ 4:3ಕ್ಕೆ ಮರಳಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ನಮ್ಮಲ್ಲಿ ಚರ್ಚೆಯೇ ಉಳಿಯಲಿಲ್ಲ. ಸ್ಟಾರ್‌ಫ್ಯೂರಿ ಯುದ್ಧನೌಕೆಯ ನಾಲ್ಕು ತೋಳುಗಳ ತುದಿಯಲ್ಲಿ ಎಂಜಿನ್ ಇಟ್ಟಿದ್ದಾರಲ್ಲ, ಅದು ಸಾಗುತ್ತಿರುವ ದಿಕ್ಕು ಬದಲಿಸದೆಯೇ ಗಿರ್ರನೆ ತಿರುಗಿ ಹಿಂದಿನವನ ಮೇಲೆ ಗುಂಡು ಹಾರಿಸುತ್ತದಲ್ಲ, ಆ ಚಲನೆಯ ಸೊಗಸು ಇಡೀ ಚೌಕಟ್ಟು ಕಂಡಾಗಲೇ ತಿಳಿಯುವುದು. ಗಾಳಿಯಿಲ್ಲದ ಜಾಗದಲ್ಲಿ ವಿಮಾನದಂತೆ ವಾಲಿ ತಿರುಗುವ ನೌಕೆಗಳಿಗೆ ಕಣ್ಣು ಒಗ್ಗಿಹೋಗಿದ್ದ ಕಾಲದಲ್ಲಿ ನ್ಯೂಟನ್ ನಿಯಮವನ್ನು ಇಷ್ಟು ಗೌರವದಿಂದ ನಡೆಸಿಕೊಂಡದ್ದಕ್ಕೆ ಈ ತಂಡದ ಮೇಲೆ ನನಗೆ ಇಂದಿಗೂ ಅಭಿಮಾನ.

ಪುಸ್ತಕಗಳು ಎರಡು ಕಂತೆ. 1995ರಿಂದ ಡೆಲ್ ಪ್ರಕಾಶನ 9 ಕಾದಂಬರಿಗಳನ್ನು ತಂದಿತು. ಆಮೇಲೆ 1998ರಿಂದ 2001ರವರೆಗೆ ಡೆಲ್ ರೇ ಮೂರು ತ್ರಿವಳಿಗಳನ್ನು ತಂದಿತು. ತ್ರಿವಳಿಗಳಿಗೆ ಸರಣಿಯ ಸೃಷ್ಟಿಕರ್ತ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ಅವರೇ ಕಥಾಹಂದರ ಕೊಟ್ಟಿದ್ದರಿಂದ ಅವು ಅಧಿಕೃತ ಕಥೆಯ ಭಾಗ. ಡೆಲ್ ಕಂತೆಯಲ್ಲಿ ಏಳನೆಯದಕ್ಕೂ ಒಂಬತ್ತನೆಯದಕ್ಕೂ ಮಾತ್ರ ಆ ಮಾನ್ಯತೆ. ಉಳಿದವು ಸರಣಿ ಇನ್ನೂ ಪ್ರಸಾರವಾಗುತ್ತಿದ್ದಾಗ, ಮುಂದೇನಾಗುತ್ತದೆ ಎಂದು ಲೇಖಕರು ಕಾಣುವ ಮೊದಲೇ ಬರೆದವು. ಅವನ್ನೆಲ್ಲ ಓದಲೇಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಎರಡನ್ನು ಬಿಡಬೇಡಿ, ಎರಡೂ ಜಾನ್ ವೋರ್ನ್‌ಹೋಲ್ಟ್ ಅವರವು. ಮೊದಲನೆಯದು 'ವಾಯ್ಸಸ್'. ಇತರರ ಮನಸ್ಸು ಓದಬಲ್ಲ ಟೆಲಿಪಾತ್ ಟಾಲಿಯಾ ವಿಂಟರ್ಸ್ ಮೇಲೆ ಬಾಂಬ್ ಸ್ಫೋಟದ ಅನುಮಾನ ಬಂದು ಅವಳು ತಲೆಮರೆಸಿಕೊಳ್ಳುವ ಕಥೆ. ಇದನ್ನು ಎರಡನೇ ಸೀಸನ್ನಿನ 'ಡಿವೈಡೆಡ್ ಲಾಯಲ್ಟೀಸ್' ಕಂತಿಗೆ ತುಸು ಮುಂಚೆ ಓದಿದೆವು. ಆ ಕಂತಿನಲ್ಲಿ ಟಾಲಿಯಾಳೊಳಗೆ ಅವಳಿಗೇ ಗೊತ್ತಿಲ್ಲದಂತೆ ಬಿತ್ತಿಟ್ಟಿದ್ದ ಇನ್ನೊಂದು ವ್ಯಕ್ತಿತ್ವ ಎಚ್ಚರಗೊಂಡು, ನಮಗೆ ಗೊತ್ತಿದ್ದ ಟಾಲಿಯಾ ಅಳಿಸಿಹೋಗುತ್ತಾಳೆ. ಇಡೀ ಕಾದಂಬರಿಯಷ್ಟು ಹೊತ್ತು ಅವಳ ಜೊತೆ ಓಡಿ, ಅವಳ ನಿರಪರಾಧವನ್ನು ನಂಬಿ ಬಂದವರಿಗೆ ಆ ಹೊಡೆತ ಬೇರೆಯೇ ತೂಕದ್ದು. ಇನ್ನೊಂದು 'ಬ್ಲಡ್ ಓಥ್', ನಾರ್ನ್ ಜನಾಂಗದ ರಾಯಭಾರಿ ಜಕಾರ್‌ನ ಹಳೆಯ ಪಾಪಕ್ಕೆ ಸೇಡು ತೀರಿಸಿಕೊಳ್ಳಲು ಶಪಥ ತೊಟ್ಟ ಕುಟುಂಬದ ಕಥೆ. ಮೊದಲ ಸೀಸನ್ನಿನ ಜಕಾರ್ ಎಷ್ಟು ಸಣ್ಣ ಮನುಷ್ಯನಾಗಿದ್ದ ಎಂದು ನೆನಪಿಟ್ಟುಕೊಂಡರಷ್ಟೇ ನಾಲ್ಕನೇ ಸೀಸನ್ನಿನಲ್ಲಿ ಅವನು ಎಷ್ಟು ಎತ್ತರಕ್ಕೆ ಏರಿದ ಎಂಬುದು ಅರ್ಥವಾಗುತ್ತದೆ.

ಈಗ ನನಗೆ ಅತಿ ಹತ್ತಿರವಾದ ವಿಷಯಕ್ಕೆ ಬರುತ್ತೇನೆ: ಮೊದಲ ಸೀಸನ್ನಿನಲ್ಲಿ ನಿಲ್ದಾಣದ ಮುಖ್ಯಸ್ಥನಾಗಿದ್ದ ಕಮಾಂಡರ್ ಸಿಂಕ್ಲೇರ್.

ಸಿಂಕ್ಲೇರ್ ಆಗಿ ನಟಿಸಿದ ನಾಯಕ ಮೈಕೆಲ್ ಓಹೇರ್ ಎರಡನೇ ಸೀಸನ್ನಿನ ಹೊತ್ತಿಗೆ ಇರಲಿಲ್ಲ. ನಟನೆ ಒಪ್ಪಿಗೆಯಾಗದೆ ತೆಗೆದರು ಎಂದು ಅಭಿಮಾನಿಗಳು ವರ್ಷಗಟ್ಟಲೆ ಮಾತಾಡಿಕೊಂಡರು. ಓಹೇರ್ 2012ರಲ್ಲಿ ತೀರಿಕೊಂಡ ಮೇಲೆ, 2013ರಲ್ಲಿ ಸ್ಟ್ರಾಜಿನ್ಸ್ಕಿ ನಿಜ ಹೇಳಿದರು. ಮೊದಲ ಸೀಸನ್ನಿನ ಚಿತ್ರೀಕರಣದ ಕಾಲದಲ್ಲೇ ಓಹೇರ್ ತೀವ್ರ ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದರು. ಚಿಕಿತ್ಸೆಗಾಗಿ ಕೆಲಸ ನಿಲ್ಲಿಸೋಣವೆಂದರೆ, ಉಳಿದವರ ಹೊಟ್ಟೆಪಾಡು ಹೋಗುತ್ತದೆಂದು ಅವರೇ ಒಪ್ಪಲಿಲ್ಲ. ಇದು ತಿಳಿದ ಮೇಲೆ ಮೊದಲ ಸೀಸನ್ ನೋಡುವುದೆಂದರೆ ಬೇರೆಯೇ ಸರಣಿ ನೋಡಿದ ಹಾಗೆ. ಹಿಂದೆ ಮರಗಟ್ಟಿದಂತೆ ಕಂಡಿದ್ದ ಆ ಬಿಗಿಯಲ್ಲಿ ಈಗ ನಾವು ಕಂಡದ್ದು, ತನ್ನನ್ನು ತಾನೇ ಹಿಡಿದುಕೊಂಡು ನಿಂತ ಒಬ್ಬ ಮನುಷ್ಯನ ಶ್ರಮ. ಪಾತ್ರವೂ ಅಂಥದ್ದೇ. ಭೂಮಿಗೂ ಮಿನ್ಬಾರಿ ಎಂಬ ಅನ್ಯಗ್ರಹದ ಜನಾಂಗಕ್ಕೂ ನಡೆದ ಯುದ್ಧದ ಕೊನೆಯ ಕಾಳಗದಲ್ಲಿ ಕಳೆದುಹೋದ 24 ಗಂಟೆಗಳನ್ನು ಹುಡುಕುತ್ತ ಒಳಗೊಳಗೇ ಕುದಿಯುವವನು. ನಮ್ಮ ಗುಂಪಿನಲ್ಲಿ ಸಿಂಕ್ಲೇರ್ ಎಂದರೆ ಅಷ್ಟಕ್ಕಷ್ಟೇ ಎನ್ನುತ್ತಿದ್ದವರೂ ಈ ಸಲ ಅವನ ಪಕ್ಷಕ್ಕೆ ಬಂದರು.

ತೆರೆಯಲ್ಲಿ ಸಿಂಕ್ಲೇರ್ ಮಿನ್ಬಾರ್ ಗ್ರಹಕ್ಕೆ ರಾಯಭಾರಿಯಾಗಿ ಹೋಗುತ್ತಾನೆ, ಮತ್ತೆ ಬಂದಾಗ ಶ್ಯಾಡೋಗಳೆಂಬ ಪುರಾತನ ಶತ್ರುಗಳ ವಿರುದ್ಧ ನಿಂತ ರೇಂಜರ್‌ ಪಡೆಯ ಮುಖ್ಯಸ್ಥನಾಗಿರುತ್ತಾನೆ. ಆ ಮಧ್ಯೆ ಏನಾಯಿತು? ಮೊದಲ ಸೀಸನ್ನಿನ ಕೊನೆಯಲ್ಲಿ ಅವನನ್ನು ಮದುವೆಯಾಗಲು ಒಪ್ಪಿದ ಕ್ಯಾಥರಿನ್ ಸಕಾಯ್ ಎಲ್ಲಿ ಹೋದಳು? ಸರಣಿ ಹೇಳುವುದೇ ಇಲ್ಲ. ಇದಕ್ಕೆಲ್ಲ ಉತ್ತರ ಇರುವುದು ಡೆಲ್ ಕಂತೆಯ ಒಂಬತ್ತನೆಯ ಪುಸ್ತಕದಲ್ಲಿ, ಕ್ಯಾಥರಿನ್ ಡ್ರೆನನ್ ಬರೆದ 'ಟು ಡ್ರೀಮ್ ಇನ್ ದ ಸಿಟಿ ಆಫ್ ಸಾರೋಸ್' ಕಾದಂಬರಿಯಲ್ಲಿ. ಮೊದಲ ಸೀಸನ್ನಿನ ಬಂದರು ಕಾರ್ಮಿಕರ ಮುಷ್ಕರದ ಕಂತನ್ನು ಬರೆದವರೂ ಇವರೇ, ಆದ್ದರಿಂದ ಸಿಂಕ್ಲೇರ್ ಮಾತಾಡುವ ಧಾಟಿ ಪುಸ್ತಕದಲ್ಲಿ ಎಲ್ಲೂ ತಪ್ಪುವುದಿಲ್ಲ. ಸಕಾಯ್ ರೇಂಜರ್ ಆಗುತ್ತಾಳೆ, ಕಾಲದ ಬಿರುಕೊಂದರಲ್ಲಿ ಕಾಣೆಯಾಗುತ್ತಾಳೆ. ಮಾರ್ಕಸ್ ಕೋಲ್ ತಮ್ಮನನ್ನು ಕಳೆದುಕೊಂಡು ರೇಂಜರ್‌ಗಳನ್ನು ಸೇರುವ ಕಥೆಯೂ ಇಲ್ಲಿಯೇ ಇದೆ.

ಇಸವಿಯ ಲೆಕ್ಕ ಹಿಡಿದರೆ ಇದನ್ನು ಎರಡನೇ ಸೀಸನ್ನಿನ ಜೊತೆಗೆ ಓದಬೇಕು. ನಾವು ಮೂರನೇ ಸೀಸನ್ನಿನ 'ವಾರ್ ವಿದೌಟ್ ಎಂಡ್' ಎರಡೂ ಭಾಗ ಮುಗಿಯುವವರೆಗೆ ಕಾದೆವು. ಅಲ್ಲಿ ಸಿಂಕ್ಲೇರ್ ಬ್ಯಾಬಿಲಾನ್ 4 ನಿಲ್ದಾಣವನ್ನು ಸಾವಿರ ವರ್ಷ ಹಿಂದಕ್ಕೆ ಒಯ್ದು ಮಿನ್ಬಾರಿಗಳ ಮಹಾಪುರುಷ ವೇಲೆನ್ ಆಗುತ್ತಾನೆ. ಅವನು ಏನಾಗಲಿದ್ದಾನೆ ಎಂಬುದು ಗೊತ್ತಿದ್ದು ಓದಿದಾಗ ಪುಸ್ತಕದ ಸಣ್ಣ ಸಣ್ಣ ಸಂಗತಿಗಳೂ ಬೆಳಗುತ್ತವೆ. ಸಕಾಯ್ ಬಿದ್ದದ್ದು ಕಾಲದ ಬಿರುಕಿನಲ್ಲಿ, ಸಿಂಕ್ಲೇರ್ ಹೋದದ್ದೂ ಕಾಲದ ಒಳಕ್ಕೇ. ಅವರಿಬ್ಬರೂ ಅಲ್ಲೆಲ್ಲೋ ಮತ್ತೆ ಸಿಕ್ಕಿರಬಹುದೇ ಎಂಬ ಮಾತು ನಮ್ಮ ಗುಂಪಿನಲ್ಲಿ ಇನ್ನೂ ಮುಗಿದಿಲ್ಲ.

ಸೀಸನ್ನಿನ ಕೊನೆಯ ಕಂತು 'ಝಹದೂಮ್'. ಸತ್ತಳೆಂದುಕೊಂಡಿದ್ದ ಹೆಂಡತಿ ಆನಾ, ಸಿಂಕ್ಲೇರ್ ನಂತರ ನಿಲ್ದಾಣದ ಮುಖ್ಯಸ್ಥನಾದ ಶೆರಿಡನ್‌ನ ಮುಂದೆ ಬಂದು ನಿಲ್ಲುತ್ತಾಳೆ, ಅವನನ್ನು ಝಹದೂಮ್ ಗ್ರಹಕ್ಕೆ ಕರೆದೊಯ್ಯುತ್ತಾಳೆ. ಆದರೆ ಅವಳು ಆನಾ ಅಲ್ಲ, ಶ್ಯಾಡೋಗಳು ಆನಾಳ ದೇಹದಲ್ಲಿ ಉಳಿಸಿದ ಶೇಷ. ಇಲ್ಲಿ ನಿಲ್ಲಿಸಿ, ಏಳನೆಯ ಪುಸ್ತಕ 'ದ ಶ್ಯಾಡೋ ವಿದಿನ್' ಓದಿದೆವು. ಲೇಖಕಿ ಜೀನ್ ಕವೆಲೋಸ್ ಖಭೌತ ವಿಜ್ಞಾನ ಓದಿದವರು, ನಾಸಾದಲ್ಲಿ ಕೆಲಸ ಮಾಡಿದವರು, ಆಮೇಲೆ ಡೆಲ್‌ನಲ್ಲೇ ಸಂಪಾದಕಿಯಾಗಿದ್ದವರು. ಇದು ಸರಣಿ ಶುರುವಾಗುವುದಕ್ಕೂ ಮುಂಚಿನ ಕಥೆ: ಪುರಾತತ್ವಜ್ಞೆ ಆನಾ, ಐಕರಸ್ ನೌಕೆಯ ಪಯಣ, ಅದೇ ನೌಕೆಯಲ್ಲಿದ್ದು ಆಮೇಲೆ ಶ್ಯಾಡೋಗಳ ದೂತನಾದ ಮಾರ್ಡನ್. ತೆರೆಯ ಮೇಲೆ ಮುಗುಳ್ನಗೆಯ ಮುಖವಾಡವಾಗಿ ಕಾಣುವ ಮಾರ್ಡನ್ ಕೂಡ ಹೆಂಡತಿ, ಮಗಳನ್ನು ಕಳೆದುಕೊಂಡು ಕೊರಗುವ ಮನುಷ್ಯನಾಗಿದ್ದ ಎಂದು ಇಲ್ಲಿ ಕಾಣುತ್ತೇವೆ. ಇದನ್ನು ಮೊದಲೇ ಓದಿದ್ದರೆ ನಮ್ಮ ಜೊತೆ ಹೊಸದಾಗಿ ನೋಡುತ್ತಿದ್ದ ಗೆಳತಿಗೆ ಎರಡು ಸೀಸನ್ನಿನ ಕುತೂಹಲವೇ ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮೊದಲು ಟೊಳ್ಳಾದ ಆನಾಳನ್ನು ನೋಡಿ, ಆಮೇಲೆ ಬುದ್ಧಿವಂತೆ, ಹಟಮಾರಿ, ಕೆಲಸದಲ್ಲಿ ಮುಳುಗಿ ಜಗತ್ತು ಮರೆಯುವ ನಿಜವಾದ ಆನಾಳನ್ನು ಕಂಡಾಗಲೇ ಶೆರಿಡನ್ ಕಳೆದುಕೊಂಡದ್ದು ಏನು ಎಂದು ತಿಳಿಯುವುದು. ಸರಣಿಗೆ ಇದನ್ನು ತೋರಿಸಲು ಸಮಯವಿರಲಿಲ್ಲ. ಆನಾ ಒಂದು ಹಳೆಯ ಸಂದೇಶದಲ್ಲಿ ಒಬ್ಬ ನಟಿಯಾಗಿ, ಮರಳಿ ಬಂದಾಗ ಇನ್ನೊಬ್ಬ ನಟಿಯಾಗಿ ಕಾಣಿಸಿಕೊಂಡು ಮುಗಿದುಹೋಗುತ್ತಾಳೆ.

ಕವೆಲೋಸ್ ಅವರದೇ ಟೆಕ್ನೋಮೇಜ್ (ತಂತ್ರಜ್ಞಾನದಿಂದ ಮಾಯೆ ತೋರಿಸುವವರು) ತ್ರಿವಳಿಯನ್ನು ನಾಲ್ಕನೇ ಸೀಸನ್ನಿನಲ್ಲಿ ಶ್ಯಾಡೋ ಯುದ್ಧ ಮುಗಿದ ಮೇಲೆ ಓದಿದೆವು. ಅದರ ಮೂರನೇ ಪುಸ್ತಕ ಶೆರಿಡನ್ ಹೋದ ಹೊತ್ತಿಗೇ ಝಹದೂಮ್ ತಲುಪುತ್ತದೆ, ಹಾಗಾಗಿ ಅದಕ್ಕಿಂತ ಮುಂಚೆ ತೆರೆಯಬಾರದು. ಟೆಕ್ನೋಮೇಜ್‌ಗಳನ್ನು ಎರಡನೇ ಸೀಸನ್ನಿನಲ್ಲಿ ಒಂದೇ ಕಂತಿನಲ್ಲಿ ನೋಡಿ ಬೆರಗಾಗಿದ್ದವರಿಗೆ ಇದು ಹಬ್ಬ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಜೋಡಣೆ ಐದನೇ ಸೀಸನ್ನಿನ ಕೊನೆಯದು. 'ಆಬ್ಜೆಕ್ಟ್ಸ್ ಅಟ್ ರೆಸ್ಟ್' ಕಂತು 2262ರಲ್ಲಿ ಮುಗಿಯುತ್ತದೆ, ಅದರ ಮುಂದಿನ, ಸರಣಿಯ ಕಟ್ಟಕಡೆಯ ಕಂತು 'ಸ್ಲೀಪಿಂಗ್ ಇನ್ ಲೈಟ್' 2281ರಲ್ಲಿ ತೆರೆದುಕೊಳ್ಳುತ್ತದೆ. ನಡುವೆ 19 ವರ್ಷ. ಸುಮ್ಮನೆ ನೋಡಿದರೆ ಎರಡರ ನಡುವೆ ಕಣ್ಣು ಮಿಟುಕಿಸುವಷ್ಟೂ ಸಮಯ ಸಿಗುವುದಿಲ್ಲ. ಆ ಅಂತರದಲ್ಲಿ ಪೀಟರ್ ಡೇವಿಡ್ ಬರೆದ ಸೆಂಟಾರಿ ಪ್ರೈಮ್ ತ್ರಿವಳಿಯನ್ನು ಇಟ್ಟೆವು. ಶ್ಯಾಡೋಗಳ ಸೇವಕರಾಗಿದ್ದ ಡ್ರಾಖ್‌ಗಳು ತನ್ನನ್ನು ಹತೋಟಿಯಲ್ಲಿಡಲು ಕೂರಿಸಿದ ಕಾವಲುಜೀವಿಯನ್ನು ಭುಜದ ಮೇಲೆ ಹೊತ್ತು ಸೆಂಟಾರಿ ಸಿಂಹಾಸನವೇರಿದ ಲಂಡೋ ಮೊಲಾರಿಯ ಒಂಟಿ ಆಳ್ವಿಕೆ, ಹೊರಗೆ ಗುಟ್ಟಾಗಿ ಪ್ರತಿರೋಧ ಕಟ್ಟುವ ಅವನ ಹಳೆಯ ಸಹಾಯಕ ವೀರ್ ಕೋಟೋ. 'ಆಬ್ಜೆಕ್ಟ್ಸ್ ಅಟ್ ರೆಸ್ಟ್'ನಲ್ಲಿ ಲಂಡೋ ಶೆರಿಡನ್‌ನ ಇನ್ನೂ ಹುಟ್ಟದ ಮಗ ಡೇವಿಡ್‌ಗೆ ಒಂದು ಹೂಜಿಯನ್ನು ಉಡುಗೊರೆ ಕೊಟ್ಟು ಹೋಗುತ್ತಾನೆ, ಅದರೊಳಗೆ ಇನ್ನೊಂದು ಕಾವಲುಜೀವಿ ಮಲಗಿದೆ. ಸರಣಿ ಆ ಹೂಜಿಯ ಮಾತನ್ನು ಮತ್ತೆ ಎತ್ತುವುದೇ ಇಲ್ಲ. ಆ ಭಯಾನಕ ಎಳೆ ಬಿಚ್ಚಿಕೊಳ್ಳುವುದು ಈ ಪುಸ್ತಕಗಳಲ್ಲಿ.

ಮೂರನೆಯದನ್ನು ಓದುವಾಗ 'ಇನ್ ದ ಬಿಗಿನಿಂಗ್' ಟಿವಿ ಚಿತ್ರವನ್ನೂ ಜೊತೆಗೆ ಸೇರಿಸಿದೆವು. 1998ರ ಜನವರಿಯಲ್ಲಿ ಬಂದ ಈ ಚಿತ್ರದಲ್ಲಿ ಮುದಿ ಚಕ್ರವರ್ತಿ ಲಂಡೋ ಉರಿಯುವ ರಾಜಧಾನಿಯನ್ನು ಕಿಟಕಿಯಾಚೆ ಇಟ್ಟುಕೊಂಡು ಮಕ್ಕಳಿಗೆ ಹಳೆಯ ಯುದ್ಧದ ಕಥೆ ಹೇಳುತ್ತಾನೆ. ಕಥೆಯ ಕಾಲಕ್ರಮದಲ್ಲಿ ಇದೇ ಮೊದಲು ಎಂದು ಹೊಸಬರಿಗೆ ತೋರಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದರ ಜಾಗ ಇದೇ. ಆ ಮಕ್ಕಳ ಜೊತೆ ಕೆಲವೇ ನಿಮಿಷ ಕಾಣುವ ಸೆನ್ನಾ ಎಂಬ ಹೆಂಗಸು ಪುಸ್ತಕಗಳಲ್ಲಿ ಲಂಡೋ ಸಾಕಿ ಬೆಳೆಸಿದ ಅನಾಥೆ. ಮೂರು ಪುಸ್ತಕಗಳಷ್ಟು ಅವಳ ಬಾಳನ್ನು ಬಲ್ಲವರಿಗೆ ಆ ಕೋಣೆಯಲ್ಲಿ ಅವಳು ನಿಂತಿರುವ ಬಗೆಯೇ ಮನಸ್ಸು ಹಿಂಡುತ್ತದೆ. ಲಂಡೋ ಮತ್ತು ಜಕಾರ್ ಒಬ್ಬರ ಕೊರಳು ಒಬ್ಬರು ಹಿಡಿದು ಸಾಯುವ ರಾತ್ರಿ, ಮೊದಲ ಸೀಸನ್ನಿನಲ್ಲೇ ಲಂಡೋ ಕನಸಿನಲ್ಲಿ ಕಂಡಿದ್ದ ರಾತ್ರಿ, ಪುಸ್ತಕದಲ್ಲಿ ಬರುವ ಹೊತ್ತಿಗೆ ನಾವೆಲ್ಲ ಪೀಟರ್ ಜುರಾಸಿಕ್ ಮತ್ತು ಆಂಡ್ರಿಯಾಸ್ ಕಟ್ಸುಲಾಸ್ ಅವರ ದನಿಯಲ್ಲೇ ಓದುತ್ತಿದ್ದೆವು. ಕಟ್ಸುಲಾಸ್ 2006ರಲ್ಲಿ ಹೋದರು. ಮಿನ್ಬಾರಿ ರಾಯಭಾರಿ ಡೆಲೆನ್ ಪಾತ್ರದ ಮೀರಾ ಫರ್ಲಾನ್ 2021ರಲ್ಲಿ ಹೋದರು.

ಇಷ್ಟನ್ನು ಹೊತ್ತು 'ಸ್ಲೀಪಿಂಗ್ ಇನ್ ಲೈಟ್' ನೋಡಿದಾಗ, ಆರಂಭದಲ್ಲೇ ಚಕ್ರವರ್ತಿಯಾಗಿ ಕಾಣುವ ವೀರ್ ನಮಗೆ ಹಠಾತ್ತನೆ ಬಡ್ತಿ ಪಡೆದ ಹಾಸ್ಯಪಾತ್ರವಾಗಿ ಕಾಣಲಿಲ್ಲ. ಊಟದ ಮೇಜಿನಲ್ಲಿ ಅವನು ಲಂಡೋನನ್ನು ನೆನೆದು ಪಕ್‌ಮಾರಾ ಎಂಬ ಅನ್ಯಗ್ರಹದವರ ಹಾಡಿನ ಕಥೆ ಹೇಳುತ್ತಾನಲ್ಲ, ಅಲ್ಲಿ ಅವನ ಬೆನ್ನ ಹಿಂದೆ ಎಷ್ಟು ಸಾವುಗಳಿವೆ ಎಂದು ನಮಗೆ ಗೊತ್ತಿತ್ತು. ಹೊಸದಾಗಿ ನೋಡುತ್ತಿದ್ದ ಗೆಳತಿ ಆ ದೃಶ್ಯವನ್ನು ಅಲ್ಲೇ ನಿಲ್ಲಿಸಿ ಮತ್ತೊಮ್ಮೆ ನೋಡಿದಳು.

ಉಳಿದದ್ದು ಟೆಲಿಪಾತ್‌ಗಳ ಸಂಸ್ಥೆಯಾದ ಸೈ ಕೋರ್ ಬಗ್ಗೆ ಜೆ. ಗ್ರೆಗರಿ ಕೀಸ್ ಬರೆದ ತ್ರಿವಳಿ. ಅದನ್ನು ಎಲ್ಲ ಮುಗಿದ ಮೇಲೆಯೇ ಓದಿ. ಬೆಸ್ಟರ್ ಎಂಬ ಖಳ ಹೇಗೆ ಬೆಳೆದ, ಸಂಸ್ಥೆಯನ್ನೇ ತಂದೆತಾಯಿ ಎಂದು ನಂಬಿ ಹೇಗೆ ಮುರಿದ, ಕೊನೆಗೆ ಪ್ಯಾರಿಸ್‌ನಲ್ಲಿ ಅಡಗಿ ಕೂತವನನ್ನು ನಿಲ್ದಾಣದ ಹಿಂದಿನ ಭದ್ರತಾ ಮುಖ್ಯಸ್ಥ ಗರಿಬಾಲ್ಡಿ ಹೇಗೆ ಹಿಡಿದ ಎಂಬುದೆಲ್ಲ ಅಲ್ಲಿದೆ. ಓದಿದ ಕೂಡಲೇ ಮೊದಲ ಸೀಸನ್ನಿನ 'ಮೈಂಡ್ ವಾರ್'ಗೆ ಹಿಂತಿರುಗಿ. ಬೆಸ್ಟರ್ ಆಗಿ ವಾಲ್ಟರ್ ಕೊಯ್ನಿಗ್ ಮೊದಲ ಸಲ ಕರಿ ಕೈಗವಸು ತೊಟ್ಟು ಒಳಗೆ ಬರುವ ಕಂತು ಅದು. ನಾವು ಹಾಗೆಯೇ ಮಾಡಿದೆವು. ಈಗ ಟೆಕ್ನೋಮೇಜ್ ಗೇಲನ್‌ಗಾಗಿ ಮುಂದುವರಿಕೆಯ ಸರಣಿ 'ಕ್ರುಸೇಡ್'ನ 13 ಕಂತುಗಳನ್ನು ಶುರುಮಾಡಿದ್ದೇವೆ, ಟೆಕ್ನೋಮೇಜ್ ತ್ರಿವಳಿ ಕೈಗೆಟುಕುವಲ್ಲೇ ಇದೆ.