ಸಂವಿಧಾನ ದಿನದ ಬ್ರೋಷರ್ ಸ್ಪರ್ಧೆಗೆ ಮಕ್ಕಳನ್ನು ಕಳಿಸುವವರಿಗೆ

ತೀರ್ಥಹಳ್ಳಿ, ಸಾಗರ ಕಡೆಯ ಅಪ್ಪ ಅಮ್ಮಂದಿರೇ, ಮೊದಲು ಹಾಳೆ ಮಡಚಿ, ಆಮೇಲೆ ಬರೆಯಿಸಿ. ಕಳೆದ ವರ್ಷ ನನ್ನ ಮಗಳು ಎಲ್ಲ ಬರೆದು ಮುಗಿಸಿ ಮಡಚಿದಳು. ಅಂಬೇಡ್ಕರ್ ಅವರ ಚಿತ್ರದ ಮೇಲೇ ಗೆರೆ ಬಿತ್ತು. ಪಾಪ, ಅತ್ತೇಬಿಟ್ಟಳು.

ಎ4 ಹಾಳೆಯ ಉದ್ದ 297 ಮಿ.ಮೀ. ಮೂರು ಮಡಿಕೆಗೆ ಸ್ಕೇಲ್ ಇಟ್ಟು 100, 100, 97 ಅಂತ ಗುರುತು ಮಾಡಿ. ಒಳಗೆ ಹೋಗುವ ಮಡಿಕೆ ತುಸು ಚಿಕ್ಕದಿದ್ದರೆ ಉಬ್ಬುವುದಿಲ್ಲ. ನಮ್ಮ ಥಂಡಿಗೆ ಹಾಳೆ ಮೆತ್ತಗಾಗಿ ಸ್ಕೆಚ್ ಪೆನ್ ಹರಡುತ್ತದೆ. ಬಾಲ್ ಪೆನ್, ಬಣ್ಣದ ಪೆನ್ಸಿಲ್ ವಾಸಿ.

ತಾರೀಖಿನ ವಿಷಯದಲ್ಲಿ ಜಾಸ್ತಿ ಮಕ್ಕಳಿಗೆ ಗೊಂದಲ. ಸಂವಿಧಾನ ಒಪ್ಪಿದ್ದು 1949ರ ನವೆಂಬರ್ 26ಕ್ಕೆ, ಪೂರ್ತಿ ಜಾರಿಗೆ ಬಂದಿದ್ದು 1950ರ ಜನವರಿ 26ಕ್ಕೆ. ಇನ್ನೊಂದು ಸೂಕ್ಷ್ಮ ಇದೆ. ಮೂಲ ಪ್ರತಿಯ ಪೀಠಿಕೆಯ ಫೋಟೋ ಅಂಟಿಸಿದರೆ ಅದರಲ್ಲಿ ‘ಸಮಾಜವಾದಿ’, ‘ಜಾತ್ಯತೀತ’ ಪದಗಳು ಇರುವುದಿಲ್ಲ. ಅವು 1976ರ 42ನೇ ತಿದ್ದುಪಡಿಯಲ್ಲಿ ಸೇರಿದವು. ಪಕ್ಕದಲ್ಲಿ ಈಗಿನ ಪೀಠಿಕೆ ಬರೆದರೆ ಎರಡೂ ಹೊಂದುವುದಿಲ್ಲ, ಅಲ್ವಾ? ಅಲ್ಲೇ ಒಂದು ಸಾಲಿನ ವಿವರಣೆ ಹಾಕಿಸಿ. ಮಗು ಓದಿ ಬರೆದಿದೆ ಅಂತ ತೀರ್ಪುಗಾರರಿಗೆ ಗೊತ್ತಾಗುತ್ತದೆ.

ಆ ಮೂಲ ಪ್ರತಿಯನ್ನು ಕೈಯಲ್ಲೇ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಪುಟಗಳ ಅಲಂಕಾರ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರದು. ಒಂದು ಮಡಿಕೆ ಇವರಿಗೇ ಕೊಡಿ.

ನಮ್ಮೂರಿನ ನಂಟೂ ಇರಲಿ. ಮೈಸೂರು ಸಂಸ್ಥಾನದಿಂದ ಸಂವಿಧಾನ ಸಭೆಗೆ ಹೋದವರಲ್ಲಿ ಎಸ್.ವಿ. ಕೃಷ್ಣಮೂರ್ತಿ ರಾವ್ ಒಬ್ಬರು. ಮುಂದೆ 1962ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಗೆದ್ದು ಅದರ ಉಪಸಭಾಧ್ಯಕ್ಷರೂ (ಡೆಪ್ಯುಟಿ ಸ್ಪೀಕರ್) ಆದರು. ಇದನ್ನು ಹಿಂಬದಿಯಲ್ಲಿ ಅಲ್ಲ, ಒಳಪುಟದಲ್ಲೇ ಹಾಕಿಸಿ.