ಸಿತಾರ್ ಇದ್ದ ಮಾತ್ರಕ್ಕೆ ರಾಗವಾಗದು: ರಾಗಾ ರಾಕ್ ಮೂಲದ ಜಗಳ ಬಿಡಿಸುವ ಬಗೆ

ಭಾರತೀಯ ಸಂಗೀತದ ಸ್ವರ, ವಾದ್ಯಗಳನ್ನು ಬೆರೆಸಿದ ರಾಕ್, ಅಂದರೆ ರಾಗಾ ರಾಕ್, ಶುರು ಮಾಡಿದ್ದು ಯಾರು ಎಂಬ ಮಾತು ಎದ್ದರೆ ಹತ್ತು ನಿಮಿಷದಲ್ಲಿ ನಾಲ್ಕು ಹೆಸರು ಬಂದು ನಿಲ್ಲುತ್ತವೆ: ಬೀಟಲ್ಸ್, ಯಾರ್ಡ್‌ಬರ್ಡ್ಸ್, ಕಿಂಕ್ಸ್, ಬರ್ಡ್ಸ್. (ಕೊನೆಯದು ಅಮೆರಿಕದ ತಂಡ, ಯಾರ್ಡ್‌ಬರ್ಡ್ಸ್ ಇಂಗ್ಲೆಂಡಿನದು. ಇವೆರಡನ್ನು ಬೆರೆಸಿಕೊಂಡು ಹೊತ್ತಿದ ಜಗಳಗಳೂ ಕಡಿಮೆಯಿಲ್ಲ.) ನಾಲ್ಕರ ಬೆನ್ನಿಗೂ ಏನಾದರೊಂದು ಆಧಾರ ಇದೆ. ಆದರೂ ವಾದ ಮುಗಿಯುವುದಿಲ್ಲ, ಏಕೆಂದರೆ ಒಬ್ಬರು ತಾರೀಖಿನ ಪ್ರಶ್ನೆ ಕೇಳುತ್ತಿರುತ್ತಾರೆ, ಇನ್ನೊಬ್ಬರು ವಾದ್ಯದ್ದು, ಮತ್ತೊಬ್ಬರು ಹಾಡಿನ ಕಟ್ಟಿನದ್ದು.

ಹಾಗಾಗಿ ನಾನು ಮೊದಲು ಮಾಡುವ ಕೆಲಸ ವಾದವನ್ನು ಒಂದೇ ವಾಕ್ಯಕ್ಕೆ ಇಳಿಸುವುದು. ‘ಬೀಟಲ್ಸೇ ಮೊದಲು’ ಅಂದರೆ ಅದನ್ನು ಪರೀಕ್ಷೆ ಮಾಡಲಾಗದು. ‘ಬಿಡುಗಡೆಯಾದ ರಾಕ್ ಹಾಡಿನಲ್ಲಿ ಸಿತಾರ್ ಮೊದಲು ಕೇಳಿಸಿದ್ದು ಬೀಟಲ್ಸ್‌ನ ನಾರ್ವೇಜಿಯನ್ ವುಡ್‌ನಲ್ಲಿ’ ಅಂದರೆ ಮಾಡಬಹುದು: ‘ಬಿಡುಗಡೆಯಾದ’, ‘ಸಿತಾರ್’ ಎಂಬ ಎರಡು ಪದ ಹಿಡಿದು ತೂಗಿದರೆ ಸಾಕು.

ಆಮೇಲೆ ಹಾಳೆಯಲ್ಲಿ ಎರಡು ಕಾಲಂ. ಒಂದರಲ್ಲಿ ಧ್ವನಿಮುದ್ರಣದ ದಿನ, ಇನ್ನೊಂದರಲ್ಲಿ ಬಿಡುಗಡೆಯ ದಿನ. ಯಾರ್ಡ್‌ಬರ್ಡ್ಸ್‌ನ ಹಾರ್ಟ್ ಫುಲ್ ಆಫ್ ಸೋಲ್ 1965ರ ಜೂನ್‌ನಲ್ಲಿ ಬಂತು. ಕಿಂಕ್ಸ್‌ನ ಸೀ ಮೈ ಫ್ರೆಂಡ್ಸ್ ಅದೇ ವರ್ಷ ಜುಲೈ 30ಕ್ಕೆ. ನಾರ್ವೇಜಿಯನ್ ವುಡ್ ಅಕ್ಟೋಬರ್ 12 ಮತ್ತು 21ರಂದು ಮುದ್ರಣವಾಗಿ, ರಬ್ಬರ್ ಸೋಲ್ ಆಲ್ಬಂನಲ್ಲಿ ಡಿಸೆಂಬರ್ 3ಕ್ಕೆ ಅಂಗಡಿಗೆ ಬಂತು. ಬರ್ಡ್ಸ್‌ನ ಏಟ್ ಮೈಲ್ಸ್ ಹೈ ಮೊದಲ ಸಲ ಮುದ್ರಣವಾದದ್ದು 1965ರ ಡಿಸೆಂಬರ್ 22ರಂದು ಆರ್‌ಸಿಎ ಸ್ಟುಡಿಯೋದಲ್ಲಿ. ಪರರ ಸ್ಟುಡಿಯೋದ ಟೇಪನ್ನು ತಂಡದ ಧ್ವನಿಮುದ್ರಣ ಕಂಪನಿ ಕೊಲಂಬಿಯಾ ಒಪ್ಪಲಿಲ್ಲ. 1966ರ ಜನವರಿಯಲ್ಲಿ ಮತ್ತೆ ಮುದ್ರಿಸಿ ಮಾರ್ಚ್ 14ಕ್ಕೆ ಬಿಟ್ಟರು. ರೋಲಿಂಗ್ ಸ್ಟೋನ್ಸ್‌ನ ಪೇಂಟ್ ಇಟ್ ಬ್ಲ್ಯಾಕ್ 1966ರ ಮೇ ತಿಂಗಳಿನದು. ಬೀಟಲ್ಸ್‌ನ ಲವ್ ಯು ಟು ಏಪ್ರಿಲ್‌ನಲ್ಲಿ ಮುದ್ರಣವಾಗಿ ಆಗಸ್ಟ್ 5ರಂದು ಹೊರಬಂತು.

ಮೊಬೈಲ್ ಆ್ಯಪ್‌ನಲ್ಲಿ ಕಾಣುವ ಇಸವಿಯನ್ನು ಈ ಕಾಲಂಗಳಿಗೆ ಇಳಿಸಬೇಡಿ. ಅಲ್ಲಿ ಎಷ್ಟೋ ಸಲ ರೀಮಾಸ್ಟರ್ ಆದ ವರ್ಷವೋ ಸಂಕಲನದ ವರ್ಷವೋ ಇರುತ್ತದೆ. ಇಂಗ್ಲೆಂಡಿನ ದಿನ ಬೇರೆ, ಅಮೆರಿಕದ ದಿನ ಬೇರೆ ಎಂಬುದನ್ನೂ ಬದಿಯಲ್ಲಿ ಗುರುತು ಹಾಕಿಕೊಳ್ಳಿ.

ಈಗ ಕಿವಿಯ ಕೆಲಸ. ‘ಸಿತಾರ್ ಕೇಳಿಸಿತು’ ಅನ್ನುವವರಲ್ಲಿ ಅರ್ಧದಷ್ಟು ಜನ ಕೇಳಿರುವುದು ಗಿಟಾರನ್ನು. ಹಾರ್ಟ್ ಫುಲ್ ಆಫ್ ಸೋಲ್‌ಗೆ ಸಿತಾರ್ ವಾದಕರನ್ನು ಕರೆಸಿದ್ದು ನಿಜ, ಆ ರೂಪ ಬಹಳ ವರ್ಷಗಳ ಮೇಲೆ ಹೊರಗೂ ಬಂದಿದೆ. ಆದರೆ 1965ರ ಧ್ವನಿತಟ್ಟೆಯಲ್ಲಿರುವುದು ತಂಡದ ಗಿಟಾರ್ ವಾದಕ ಜೆಫ್ ಬೆಕ್ ನುಡಿಸಿದ ಫಜ್ ಗಿಟಾರ್ (ದನಿಯನ್ನು ಬೇಕೆಂದೇ ಒರಟಾಗಿಸಿದ ಗಿಟಾರ್). ಗುರುತಿಸುವುದು ಹೀಗೆ: ಹೆಡ್‌ಫೋನ್ ಹಾಕಿ, ವೇಗವನ್ನು ಅರ್ಧಕ್ಕಿಳಿಸಿ (ಶ್ರುತಿ ಕೆಡದಂತೆ ನಿಧಾನಿಸುವ ಆ್ಯಪ್ ಬೇಕು), ಪ್ರತಿ ಸ್ವರದ ಬಾಲ ಕೇಳಿ. ಫಜ್‌ನಲ್ಲಿ ಸ್ವರ ಒಂದೇ ದಪ್ಪದಲ್ಲಿ ಎಳೆದುಕೊಂಡು ಹೋಗಿ ಥಟ್ಟನೆ ಕುಸಿಯುತ್ತದೆ. ಸಿತಾರ್‌ನಲ್ಲಿ ಜವಾರಿಯ (ತಂತಿ ಕೂರುವ ಚಪ್ಪಟೆ ಕುದುರೆಯ) ಜೀಂಕಾರ ಮೀಟಿದ ಕ್ಷಣದ ನಂತರ ಅರಳುತ್ತದೆ, ಮುಖ್ಯ ತಂತಿ ನಿಂತ ಮೇಲೂ ತರಬ್ (ತಾವಾಗಿಯೇ ಅನುರಣಿಸುವ) ತಂತಿಗಳು ಹಿಂದೆ ಮಿಡಿಯುತ್ತಿರುತ್ತವೆ. ಹನ್ನೆರಡು ತಂತಿಯ ಗಿಟಾರಾದರೆ ಮೀಟಿದ ಕೂಡಲೇ ಮೇಲಿನ ಸ್ಥಾಯಿಯ ಕಿಣಿಕಿಣಿ ಜೊತೆಗೇ ಬರುತ್ತದೆ. ಎಲೆಕ್ಟ್ರಿಕ್ ಸಿತಾರ್ ಅನುಮಾನ 1965-66ರ ಹಾಡುಗಳಿಗೆ ಬೇಡ, ಕೋರಲ್ ಕಂಪನಿಯದು ಮಾರುಕಟ್ಟೆಗೆ ಬಂದದ್ದೇ 1967ರಲ್ಲಿ.

ವಾದ್ಯ ಗೊತ್ತಾದ ಮೇಲೆ ಸ್ವರಗಳು. ತಂಬೂರಿ ಆ್ಯಪನ್ನು ಹಾಡಿನ ಷಡ್ಜಕ್ಕೆ (ಆಧಾರ ಸ್ವರ ‘ಸ’ಕ್ಕೆ) ಕೂರಿಸಿ. ನಾರ್ವೇಜಿಯನ್ ವುಡ್‌ಗೆ ಅದು ಇ, ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ 3. ಹಳೆಯ ಟೇಪುಗಳ ವೇಗ ಅಷ್ಟಿಷ್ಟು ಹಿಂದೆಮುಂದೆ ಇರುವುದರಿಂದ ಸೂಕ್ಷ್ಮ ಶ್ರುತಿಯ ಗುಂಡಿಯನ್ನು ತಿರುಗಿಸಿ, ಹಾಡು ಮತ್ತು ತಂಬೂರಿಯ ನಡುವಿನ ಅಲುಗಾಟ ನಿಲ್ಲುವವರೆಗೆ ಹೊಂದಿಸಿ. ಈ ಹೆಜ್ಜೆ ತಪ್ಪಿಸಿದರೆ ನಿಷಾದ (‘ನಿ’) ಯಾವುದೆಂದು ಹೇಳಲಾಗದೆ ಒದ್ದಾಡಬೇಕಾಗುತ್ತದೆ.

ಇಲ್ಲಿ ಸಿಗುವುದು ಇಷ್ಟು. ಮೊದಲ ಭಾಗದಲ್ಲಿ ಅಂತರ ಗಾಂಧಾರ (ಮೇಲಿನ ‘ಗ’), ಕೈಶಿಕಿ ನಿಷಾದ (ಕೆಳಗಿನ ‘ನಿ’). ಅಂದರೆ ಹರಿಕಾಂಭೋಜಿ ರಾಗದ ಸ್ವರಗಳು, ಹಿಂದೂಸ್ತಾನಿಯಲ್ಲಿ ಖಮಾಜ್ ಥಾಟ್. ನಡುವಿನ ಭಾಗಕ್ಕೆ ಬಂದ ಕೂಡಲೇ ಗಾಂಧಾರ ಸಾಧಾರಣಕ್ಕೆ ಇಳಿದು ಖರಹರಪ್ರಿಯದ ಸ್ವರಗಳಾಗುತ್ತವೆ. ಆ ಭಾಗ ಮುಗಿಸುವ ಬಿ ಕಾರ್ಡ್‌ನಲ್ಲಿ (ಕಾರ್ಡ್ ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛ) ಡಿ ಶಾರ್ಪ್ ಇದೆ, ಅದು ಕಾಕಲಿ, ಅಂದರೆ ಮೇಲಿನ ನಿಷಾದ. ಎರಡು ನಿಮಿಷ ಚಿಲ್ಲರೆಯ ಹಾಡಿನಲ್ಲಿ ಗಾಂಧಾರ ಎರಡು, ನಿಷಾದ ಎರಡು, ಅದೂ ಕಾರ್ಡ್ ಬದಲಾದಂತೆ. ಸಿತಾರ್ ಮಾಡುವುದು ಹಾಡಿನ ಧಾಟಿಯನ್ನೇ ಹಿಂಬಾಲಿಸುವ ಕೆಲಸ. ನನ್ನ ಲೆಕ್ಕದಲ್ಲಿ ಇದು ಸಿತಾರ್ ತೊಡಿಸಿದ ಜಾನಪದ ಧಾಟಿಯ ಹಾಡು. ಹಾಡಿನ ಚೆಂದಕ್ಕೆ ಅದರಿಂದ ಏನೂ ಕುಂದಿಲ್ಲ.

ಇಲ್ಲೇ ನಮ್ಮವರು ಹೆಚ್ಚಾಗಿ ಎಡವುವುದು. ಸ್ವರ ಹರಿಕಾಂಭೋಜಿಗೆ ಕೂತಿತು ಅಂದ ತಕ್ಷಣ ‘ನಮ್ಮ ಸಂಗೀತದ ಪ್ರಭಾವ’ ಎಂದು ತೀರ್ಪು ಕೊಡುತ್ತಾರೆ. ಅದೇ ಸ್ವರಗುಂಪು ಮಿಕ್ಸೋಲಿಡಿಯನ್ ಎಂಬ ಹೆಸರಲ್ಲಿ ಇಂಗ್ಲೆಂಡ್, ಐರ್ಲೆಂಡ್‌ಗಳ ಜಾನಪದದಲ್ಲಿ ಹಿಂದಿನಿಂದ ಇದೆ. ಪೇಂಟ್ ಇಟ್ ಬ್ಲ್ಯಾಕ್‌ನ ಪಲ್ಲವಿ ಕೀರವಾಣಿಗೆ ಹತ್ತಿರ ಅನ್ನುತ್ತಾರೆ, ಸರಿ. ಆದರೆ ಕೀರವಾಣಿಯ ಸ್ವರಗಳೇ ಯುರೋಪಿನ ಹಾರ್ಮೋನಿಕ್ ಮೈನರ್. ಮೇಳಕರ್ತ (ಕರ್ನಾಟಕ ಸಂಗೀತದ ಮೂಲ ರಾಗಗಳ ಪಟ್ಟಿ) ಇಲ್ಲಿ ಅಳತೆಪಟ್ಟಿ ಮಾತ್ರ. ಅಲ್ಲದೆ ಆ ಎರಡು ವರ್ಷ ಈ ತಂಡಗಳಿಗೆ ತಲುಪಿದ್ದು ಹೆಚ್ಚುಕಡಿಮೆ ಪೂರ್ತಿ ಹಿಂದೂಸ್ತಾನಿ, ಅದರಲ್ಲೂ ಸಿತಾರ್ ವಾದಕ ರವಿಶಂಕರ್ ಅವರ ಸಂಗೀತ. ಕರ್ನಾಟಕ ಸಂಗೀತಕ್ಕೆ ಇದರ ಶ್ರೇಯ ಬಳಿಯುವುದು ಬೇಡ.

ಪ್ರಭಾವ ಸಾಬೀತಾಗಬೇಕಾದರೆ ದಾರಿ ತೋರಿಸಬೇಕು: ಯಾರು, ಎಲ್ಲಿ, ಏನು ಕೇಳಿದರು. ಕಿಂಕ್ಸ್‌ನ ರೇ ಡೇವಿಸ್ 1965ರ ಆರಂಭದಲ್ಲಿ ಪ್ರವಾಸದ ನಡುವೆ ಮುಂಬಯಿಯಲ್ಲಿ ತಂಗಿದ್ದಾಗ ಬೆಳಗ್ಗೆ ಕೆಲಸಕ್ಕೆ ಹೊರಟ ಬೆಸ್ತರ ಹಾಡು ಕೇಳಿದ್ದನ್ನು ಸ್ವತಃ ಹೇಳಿದ್ದಾರೆ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಸಿತಾರ್ ಎತ್ತಿ ನೋಡಿದ್ದು ಅದೇ ವರ್ಷ ಹೆಲ್ಪ್ ಚಿತ್ರದ ಸೆಟ್‌ನಲ್ಲಿ. ಬರ್ಡ್ಸ್‌ನವರದು ಎರಡು ಕವಲಿನ ದಾರಿ. 1965ರ ಕೊನೆಯ ಪ್ರವಾಸದಲ್ಲಿ ಅವರು ಬಸ್ಸಿನಲ್ಲಿ ಹಾಕಿಕೊಂಡು ಕೇಳುತ್ತಿದ್ದ ಟೇಪಿನಲ್ಲಿ ರವಿಶಂಕರ್ ಇದ್ದರು, ಜಾಝ್‌ನ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಕೂಡ ಇದ್ದರು. ಏಟ್ ಮೈಲ್ಸ್ ಹೈನ ಗಿಟಾರ್ ಶುರುವಾಗುವ ನಾಲ್ಕು ಸ್ವರದ ತುಣುಕು ಕೋಲ್ಟ್ರೇನ್ 1961ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ ‘ಇಂಡಿಯಾ’ದಿಂದ ಬಂದದ್ದು. ಅದರಲ್ಲಿ ಎರಡು ಡಬಲ್ ಬಾಸ್‌ಗಳು ಸೇರಿ ತಂಬೂರಿಯ ಕೆಲಸ ಮಾಡುತ್ತವೆ. ಕೋಲ್ಟ್ರೇನ್ ರವಿಶಂಕರ್ ಅವರನ್ನು ಎಷ್ಟು ಮೆಚ್ಚಿದ್ದರೆಂದರೆ ಮಗನಿಗೆ ರವಿ ಎಂದೇ ಹೆಸರಿಟ್ಟರು. ಹಾಗಾಗಿ ಈ ಹಾಡಿಗೆ ‘ಭಾರತದಿಂದ’ ಎಂದು ಒಂದು ಬಾಣ ಎಳೆದರೆ ಅರ್ಧ ಸುಳ್ಳು. ಬಾಣ ಜಾಝ್ ಮನೆಗೆ ಹೊಕ್ಕು ಹೊರಬರಬೇಕು.

ಆಧಾರಗಳ ತೂಕ ನಾನು ಹೀಗೆ ಇಟ್ಟುಕೊಂಡಿದ್ದೇನೆ: ಆ ಕಾಲದ್ದೇ ಸಂದರ್ಶನ, ಸ್ಟುಡಿಯೋ ದಾಖಲೆ ಮೊದಲು, ಮೂವತ್ತು ವರ್ಷದ ಮೇಲಿನ ನೆನಪು ಅದರ ಕೆಳಗೆ, ‘ಕೇಳೋಕೆ ಒಂದೇ ಥರ ಇದೆ’ ತೀರಾ ಕೊನೆಗೆ. ಡೇವಿಸ್ ಅವರ ಬೆಸ್ತರ ಕಥೆಯನ್ನೂ ನೆನಪಿನ ಸಾಲಿನಲ್ಲೇ ಇಟ್ಟಿದ್ದೇನೆ. ಆದರೆ ಸೀ ಮೈ ಫ್ರೆಂಡ್ಸ್ ಹಾಕಿ ಕೇಳಿ: ಸಿತಾರ್ ಇಲ್ಲ, ಗಿಟಾರ್ ತಂತಿಯೊಂದು ಶ್ರುತಿ ಹಿಡಿದು ನಿಂತಿದೆ, ದನಿ ಸ್ವರದಿಂದ ಸ್ವರಕ್ಕೆ ಜಾರಿಕೊಂಡು ಹೋಗುತ್ತದೆ. ವಾದ್ಯಕ್ಕೆ ಸೊನ್ನೆ, ಕಟ್ಟಿಗೆ ನಾರ್ವೇಜಿಯನ್ ವುಡ್‌ಗಿಂತ ಹೆಚ್ಚು ಅಂಕ.

ಕಟ್ಟು ನೋಡುವಾಗ ನಾನು ಕೇಳಿಕೊಳ್ಳುವುದು ನಾಲ್ಕು. ಷಡ್ಜ ಕದಲದೆ ನಿಂತಿದೆಯೇ? ಕಾರ್ಡ್‌ಗಳು ಸರಿದಾಡದೆ ಇವೆಯೇ? ಸ್ವರಕ್ಕೆ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ಇದೆಯೇ, ಬರಿಯ ಮೀಟೇ? ತಾಳಕ್ಕೆ ಆವರ್ತನ (ಸುತ್ತಿ ಬರುವ ಎಣಿಕೆ) ಇದೆಯೇ? ಲವ್ ಯು ಟುಗೆ ನಾಲ್ಕಕ್ಕೂ ಬಹುಮಟ್ಟಿಗೆ ಹೌದು. ತಾಳವಿಲ್ಲದ ಆಲಾಪದಂಥ ಮೊದಲು, ಆಮೇಲೆ ತಬಲಾ, ಕೊನೆಯಲ್ಲಿ ಲಯ ಏರಿ ದ್ರುತ್. ತಬಲಾ ನುಡಿಸಿದ ಅನಿಲ್ ಭಾಗವತ್‌ಗೆ ಹ್ಯಾರಿಸನ್ ಕೇಳಿದ್ದು ರವಿಶಂಕರ್ ಧಾಟಿಯ 16 ಮಾತ್ರೆ. ಬೆರಳಿನಲ್ಲಿ ಎಣಿಸಿ ನೋಡಬಹುದು.

ಇನ್ನು ಹೆಸರಿನ ವಿಚಾರ. ‘ರಾಗಾ ರಾಕ್’ ಎಂಬ ಪದ ಚಲಾವಣೆಗೆ ಬಂದದ್ದು 1966ರ ಮಾರ್ಚ್‌ನಲ್ಲಿ, ಏಟ್ ಮೈಲ್ಸ್ ಹೈನ ಪ್ರಚಾರದ ಜೊತೆ. ಪತ್ರಿಕಾಗೋಷ್ಠಿಗೆ ತಂಡದವರು ಸಿತಾರ್ ಹಿಡಿದುಕೊಂಡು ಬಂದಿದ್ದರು. ಆ ತಟ್ಟೆಯ ಎರಡೂ ಬದಿಯಲ್ಲಿ ಸಿತಾರ್ ಇಲ್ಲ.